ಕುಂಡದ ಕಳ್ಳಿಗೆ ಹತ್ತಿ ಹೊಲದ ಎಣ್ಣೆ ಬೇಡ

ಆಂಧ್ರದ ಗಡಿಭಾಗದ ಕೌತಾಳಂ, ಆದೋನಿ, ಹೊಳಗುಂದ ಕಡೆಯ ಮನೆಗಳಲ್ಲಿ ಕಳ್ಳಿಗೆ ಈಗ ಹೊಸ ಮರ್ಯಾದೆ ಬಂದಿದೆ. ಹೊಲದ ಬೇಲಿಗಷ್ಟೇ ಸಲ್ಲುತ್ತಿದ್ದ ಗಿಡ ಕುಂಡವೇರಿ ಮಾಳಿಗೆಗೆ, ಮೆಟ್ಟಿಲ ಪಕ್ಕಕ್ಕೆ, ಕಿಟಕಿ ಕಟ್ಟೆಗೆ ಬಂದು ಕೂತಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ, ಕುಡಿಯುವ ನೀರಿಗೇ ಕೊಡ ಹಿಡಿದು ಕಾಯಬೇಕಾದ ಊರುಗಳಲ್ಲಿ ಗುಲಾಬಿ ಸಾಕುವುದು ಕಷ್ಟ. ಕಳ್ಳಿ ಹಾಗಲ್ಲ, ಬಿಟ್ಟರೂ ಬದುಕುತ್ತದೆ ಎಂಬ ಭರವಸೆಯಿಂದಲೇ ಜನ ಅದನ್ನು ತರುತ್ತಾರೆ. ಆ ಭರವಸೆ ಅರ್ಧ ಮಾತ್ರ ನಿಜ.

ಒಂದು ದಿನ ಗಿಡದ ಮುಳ್ಳಿನ ಬುಡದಲ್ಲಿ ಬಿಳಿ ಅರಳೆಯ ಚುಕ್ಕೆ ಕಾಣುತ್ತದೆ. ವಾರದಲ್ಲಿ ಹತ್ತಾರು ಚುಕ್ಕೆ. ಮನೆಯವರು ಗೊಬ್ಬರದ ಅಂಗಡಿಗೆ ಹೋಗಿ, “ಅಣ್ಣಾ, ಕಳ್ಳಿಗೆ ಬಿಳಿ ಹುಳ ಬಿದ್ದಾವ, ಏನರ ಕೊಡ್ರಿ” ಎಂದು ಕೇಳುತ್ತಾರೆ. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಅಲ್ಲಿ ಸಾಲುಸಾಲಾಗಿ ಇರುತ್ತದೆ. ಲೀಟರ್ ಡಬ್ಬಿ ಕೊಳ್ಳುವ ಅಗತ್ಯವಿಲ್ಲದ ಗಿರಾಕಿಗೆ ಹಳೆಯ ನೀರಿನ ಬಾಟಲಿಯಲ್ಲಿ ಒಂದಿಷ್ಟು ಬಗ್ಗಿಸಿ ಕೊಡುವುದೂ ಉಂಟು. ಈ ಭಾಗದ ಕುಂಡದ ಕಳ್ಳಿಗಳ ಮಟ್ಟಿಗೆ ನಡೆಯುತ್ತಿರುವ ದೊಡ್ಡ ತಪ್ಪು ಇದೇ. ಗಿಡಕ್ಕೆ ಅದರ ಅಗತ್ಯವಿಲ್ಲ, ಮನೆಗೆ ಅದರಿಂದ ಅಪಾಯ.

ಮಾಳಿಗೆ ಎಂದರೆ ಈ ಕಡೆ ಬರೀ ಗಿಡ ಇಡುವ ಜಾಗವಲ್ಲ. ಅಲ್ಲೇ ಸಂಡಿಗೆ ಒಣಗುತ್ತದೆ, ಮೆಣಸಿನಕಾಯಿ ಹರವುತ್ತಾರೆ, ಬೇಸಿಗೆ ರಾತ್ರಿ ಮಕ್ಕಳು ಮಲಗುತ್ತಾರೆ. ಹೊಲದಲ್ಲಿ ಹೊಡೆಯಲೆಂದು ಮಾಡಿದ ವಿಷ ಅಲ್ಲಿಗೆ ಬರಬಾರದು. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಸೇರಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ ಗಾಳಿಯಲ್ಲಿ ಅದನ್ನು ಕುಡಿದು ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಪ್ರಾಣ ಬಿಟ್ಟರು. ಅನುಭವಿಗಳಿಗೇ, ಬಯಲಿನಲ್ಲೇ ಹೀಗಾದರೆ ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಮನೆಯ ಅಂಗಳದಲ್ಲಿ ಹೊಡೆಯುವವರ ಗತಿ ಏನು? ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿದರೆ ಸಾಕು. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಸೌಮ್ಯ. ನೀರಿನ ಬಾಟಲಿಗೆ ಬಗ್ಗಿಸಿದ ವಿಷಕ್ಕೆ ಈ ಗುರುತೂ ಇರುವುದಿಲ್ಲ.

ಕಳ್ಳಿಯ ವಿಚಾರದಲ್ಲಿ ಈ ಸೀಮೆಗೆ ಒಂದು ಹಳೆಯ ಪಾಠವಿದೆ. ಕಳ್ಳಿಯನ್ನು ಮಣಿಸಿದ್ದು ಮನುಷ್ಯನ ಮಚ್ಚಾಗಲಿ ವಿಷವಾಗಲಿ ಅಲ್ಲ, ಒಂದು ಪುಟ್ಟ ಹುಳು.

ಪಾಪಾಸುಕಳ್ಳಿ ನಮ್ಮ ಗಿಡವಲ್ಲ. ಅಮೆರಿಕ ಖಂಡದಿಂದ ಬಂದದ್ದು. ಬಟ್ಟೆಗೆ ಕಡುಗೆಂಪು ಬಣ್ಣ ಕೊಡುವ ಕೊಚಿನೀಲ್ ಎಂಬ ಹುಳುವಿನ ವ್ಯಾಪಾರ ಆಗ ಸ್ಪೇನಿನವರ ಹಿಡಿತದಲ್ಲಿತ್ತು. ಅದನ್ನು ಇಲ್ಲೇ ಸಾಕಬೇಕೆಂದು ಈಸ್ಟ್ ಇಂಡಿಯಾ ಕಂಪನಿಗೆ ಆಸೆ. ಮದ್ರಾಸಿನಲ್ಲಿ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದಲ್ಲೇ ಇದಕ್ಕಾಗಿ ಕಳ್ಳಿ ತೋಟ ಮಾಡಿಸಿದ. 1795ರಲ್ಲಿ ನೀಲ್ಸನ್ ಎಂಬ ಸೈನ್ಯಾಧಿಕಾರಿ ಬ್ರೆಜಿಲ್‌ನ ರಿಯೊ ಬಂದರಿನಿಂದ ಹುಳು ಹತ್ತಿದ ಕಳ್ಳಿಯ ತುಂಡುಗಳನ್ನು ಹಡಗಿನಲ್ಲಿ ಕಲ್ಕತ್ತೆಗೆ ತಂದ. ಆದರೆ ಅದು ಬಣ್ಣದ ಹುಳುವಿನ ಕಾಡು ತಳಿ. ಬಣ್ಣ ಕಡಿಮೆ, ಹಸಿವು ಹೆಚ್ಚು. ವ್ಯಾಪಾರ ಕೈಗೂಡಲಿಲ್ಲ, ಹುಳು ಮಾತ್ರ ಕಳ್ಳಿಯನ್ನು ಹೀರಿ ಹೀರಿ ನೆಲಕ್ಕುರುಳಿಸಿತು. ಅದನ್ನು ಕಂಡವರು 1836ರ ಹೊತ್ತಿಗೆ ಅದೇ ಹುಳುವನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಬಿಟ್ಟರು. ಕೀಟದಿಂದ ಕಳೆಯನ್ನು ಹತೋಟಿಗೆ ತಂದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ.

ಆ ಹುಳು ಒಂದು ಜಾತಿಯ ಕಳ್ಳಿಯನ್ನಷ್ಟೇ ತಿನ್ನುತ್ತಿತ್ತು. ಆ ಕಳ್ಳಿ ಹೋದ ಜಾಗದಲ್ಲಿ ಇನ್ನೊಂದು ಪಾಪಾಸುಕಳ್ಳಿ ಹಬ್ಬಿತು. ಮದ್ರಾಸ್ ಪ್ರಾಂತ್ಯದ ಒಣಸೀಮೆಯಲ್ಲಿ ಬೀಳು ಭೂಮಿ, ದಾರಿ ಬದಿ, ಹೊಲದ ಬದು ಎಲ್ಲ ಅದರ ವಶವಾದವು. ಆದೋನಿ, ಆಲೂರು ಸೀಮೆ ಆಗ ಅದೇ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೂ ಆದೋನಿ ಆಂಧ್ರಕ್ಕೂ ಸೇರಿದ್ದು ಆಮೇಲಿನ ಕಥೆ. 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಕೊಚಿನೀಲ್ ತಂದು ದಕ್ಷಿಣದಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಮೈಲುಗಟ್ಟಲೆ ಕಳ್ಳಿ ಕರಗಿಹೋಯಿತು. ಅದೇ ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ನುಂಗಿದ್ದ ಕಳ್ಳಿಯನ್ನು ಅರ್ಜೆಂಟೀನಾದಿಂದ ತಂದ ಒಂದು ಪತಂಗದ ಮರಿಹುಳುಗಳು ತಿಂದು ಮುಗಿಸಿದವು. ಕೃತಜ್ಞರಾದ ಅಲ್ಲಿನ ರೈತರು ಆ ಹುಳುವಿನ ಹೆಸರಿನಲ್ಲಿ ಬೂನಾರ್ಗ ಎಂಬಲ್ಲಿ ಸಭಾಭವನವನ್ನೇ ಕಟ್ಟಿದರು.

ಕಳ್ಳಿ ಅಷ್ಟು ಮೆತ್ತನೆಯ ಜೀವ. ಹೊರಗೆ ಮುಳ್ಳು, ಒಳಗೆಲ್ಲ ನೀರು. ಬಾಯಿ ಚುಚ್ಚಿ ರಸ ಹೀರುವ ಕೀಟಕ್ಕೆ ಅದು ತುಂಬಿದ ಕೊಡ.

ಮನೆಯ ಕಳ್ಳಿಯ ಮೇಲೆ ಬಿಳಿ ಚುಕ್ಕೆ ಕಂಡಾಗ ಮೊದಲ ಕೆಲಸ ಹತ್ತಿರದಿಂದ ನೋಡುವುದು. ಒಂದು ಬೆಂಕಿಕಡ್ಡಿಯ ತುದಿಯಿಂದ ಬಿಳಿ ಅರಳೆಯನ್ನು ಎತ್ತಿ ಬೆರಳಲ್ಲಿ ಒತ್ತಬೇಕು. ಕುಂಕುಮಕ್ಕಿಂತ ಗಾಢವಾದ ಕೆಂಪು ಬಣ್ಣ ಉಗುರಿಗೆ ಹತ್ತಿದರೆ ಅದು ಆ ಹಳೆಯ ಕೊಚಿನೀಲ್ ಬಳಗದ ಹುಳು. ಇದು ಹೆಚ್ಚಾಗಿ ಚಪ್ಪಟೆ ಹಾಳೆಯ ಪಾಪಾಸುಕಳ್ಳಿಗೇ ಬರುತ್ತದೆ. ಅರ್ಧ ಕಿಲೋಗಿಂತ ತುಸು ಕಡಿಮೆ ಒಣ ಬಣ್ಣಕ್ಕೆ ಇಂಥ 70 ಸಾವಿರ ಹುಳುಗಳು ಬೇಕಾಗುತ್ತಿದ್ದವಂತೆ. ಬೆರಳಿಗೆ ಕೆಂಪು ಹತ್ತದೆ, ಅರಳೆಯ ಕೆಳಗೆ ಹಿಟ್ಟು ಬಳಿದ ಅಕ್ಕಿನುಚ್ಚಿನ ಗಾತ್ರದ, ಗೆರೆಗೆರೆ ಮೈಯ ಹುಳು ಮೆಲ್ಲಗೆ ಕಾಲಾಡಿಸಿದರೆ ಅದು ಹಿಟ್ಟುತಿಗಣೆ. ಏನೂ ಅಲುಗಾಡದೆ, ಗೀರಿದರೆ ಪುಡಿ ಉದುರಿದರೆ ಅದು ಹುಳುವೇ ಅಲ್ಲ. ಬೋರಿನ ಸವಳು ನೀರು ಬಿಟ್ಟುಹೋದ ಉಪ್ಪು. ಇದನ್ನೇ ರೋಗವೆಂದು ತಿಳಿದು ಎಣ್ಣೆ ಹೊಡೆಯುವವರೂ ಇದ್ದಾರೆ.

ಹಿಟ್ಟುತಿಗಣೆಗೆ ಮೈಮೇಲೆ ಮೇಣದ ಕವಚ. ಬರೀ ನೀರು ಹೊಡೆದರೆ ಜಾರುತ್ತದೆ, ಎಷ್ಟೋ ಸಲ ವಿಷವೂ ಒಳಗಿಳಿಯುವುದಿಲ್ಲ. ಮೇಣ ಕರಗಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಮಕ್ಕಳ ಬಣ್ಣದ ಬ್ರಷ್ಷನ್ನೋ ಕಿವಿ ಒರೆಸುವ ಹತ್ತಿಕಡ್ಡಿಯನ್ನೋ ಅದ್ದಿ ಒಂದೊಂದೇ ಚುಕ್ಕೆಗೆ ಮುಟ್ಟಿಸಿದರೆ ಹುಳು ಕ್ಷಣದಲ್ಲಿ ಕಂದಾಗಿ ಸಾಯುತ್ತದೆ. ಸಂಜೆಯ ಹೊತ್ತು, ಒಲೆ ದೀಪಗಳಿಂದ ದೂರ ಕೂತು ಮಾಡುವ ಕೆಲಸ ಇದು. ಮೊದಲು ಗಿಡದ ಒಂದು ಮೂಲೆಗೆ ಹಚ್ಚಿ ಒಂದೆರಡು ದಿನ ನೋಡುವುದು ಜಾಣತನ. ಗಿಡ ದೊಡ್ಡದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ನಾಲ್ಕು ಹನಿ ಸಾಬೂನು ದ್ರವ ಹಾಕಿ ಚೆನ್ನಾಗಿ ಕಲಕಿ ಸಿಂಪಡಿಸಬೇಕು. ಆಮೇಲೆ ಎರಡು ದಿನ ನೆರಳಿನಲ್ಲಿಡಬೇಕು. ಎಣ್ಣೆ ಹತ್ತಿದ ಮೈಗೆ ಏಪ್ರಿಲ್ ಬಿಸಿಲು ಬಿದ್ದರೆ ಹುಳುವಿಗಿಂತ ಹೆಚ್ಚು ಹಾನಿ ಅದರಿಂದಲೇ ಆಗುತ್ತದೆ. ಮೈಮೇಲೆ ನೀಲಿ ಬೂದಿಯ ಲೇಪವಿರುವ ಜಾತಿಗಳಿಗೆ ಎಣ್ಣೆ, ಸಾಬೂನು ಎರಡೂ ಒಗ್ಗುವುದಿಲ್ಲ, ಲೇಪ ಕಿತ್ತುಬರುತ್ತದೆ. ಅವಕ್ಕೆ ಬ್ರಷ್ಷೇ ಸರಿ.

ಒಂದೇ ಸಲಕ್ಕೆ ಮುಗಿಯಿತು ಎಂದುಕೊಂಡವರು ಇಲ್ಲೇ ಸೋಲುತ್ತಾರೆ. ಒಂದೊಂದು ತಾಯಿ ಹುಳು ನೂರಾರು ಮೊಟ್ಟೆ ಇಡುತ್ತದೆ. ಅರಳೆಯೊಳಗಿನ ಮೊಟ್ಟೆಗೆ ಮದ್ದು ತಾಕುವುದಿಲ್ಲ. ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ವಾರ ಬಿಡದೆ ಮಾಡಿದರೆ ಮಾತ್ರ ಸಂತತಿ ತುಂಡಾಗುತ್ತದೆ. ಈ ಸಹನೆ ಇಲ್ಲದ್ದರಿಂದಲೇ ಜನ ಕೆಂಪು ಗುರುತಿನ ಡಬ್ಬಿಗೆ ಕೈಹಾಕುತ್ತಾರೆ. ಕಂದು ಬಣ್ಣದ ಬಿಲ್ಲೆಗಳಾಗಿ ಅಂಟಿಕೊಳ್ಳುವ ಶಲ್ಕಕೀಟಕ್ಕೂ ಇದೇ ಉಪಚಾರ. ಅದನ್ನು ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಬ್ಬಿಸಬೇಕು, ಅಷ್ಟೇ ವ್ಯತ್ಯಾಸ.

ಹುಳು ಎಲ್ಲಿಂದ ಬಂತು ಎಂದು ಹುಡುಕಿದರೆ ಉತ್ತರ ಸಾಮಾನ್ಯವಾಗಿ ಹತ್ತು ಹೆಜ್ಜೆಯೊಳಗೇ ಇರುತ್ತದೆ. ಆದೋನಿ ದೊಡ್ಡ ಹತ್ತಿ ಮಾರುಕಟ್ಟೆ, ಸುತ್ತಲ ಎರೆ ಭೂಮಿಯಲ್ಲಿ ಹತ್ತಿ ಮುಖ್ಯ ಬೆಳೆ. 2005ರಿಂದೀಚೆಗೆ ದೇಶದ ಹತ್ತಿಗೆ ಅಂಟಿದ ಹೊಸ ಹಿಟ್ಟುತಿಗಣೆ ದಾಸವಾಳ, ಪಾರ್ಥೇನಿಯಂ ಸೇರಿದಂತೆ ನೂರಾರು ಜಾತಿಯ ಗಿಡಗಳ ಮೇಲೆ ಬದುಕಬಲ್ಲದು. ಸುಗ್ಗಿ ಮುಗಿದ ಮೇಲೆ ಹತ್ತಿಕಟ್ಟಿಗೆಯನ್ನು ಒಲೆಗೆಂದು ಮನೆಯ ಗೋಡೆಗೆ ಒಟ್ಟುವುದು ಇಲ್ಲಿನ ರೂಢಿ. ಆ ರಾಶಿಯಲ್ಲೇ ತಿಗಣೆ ಉಳಿದುಕೊಳ್ಳುತ್ತದೆ ಎಂದು ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುತ್ತಲೇ ಬಂದಿದ್ದಾರೆ. ಕಳ್ಳಿಗೆ ಬರುವುದೆಲ್ಲ ಹತ್ತಿಯ ತಿಗಣೆಯೇ ಅಲ್ಲ, ಬೇರೆ ಜಾತಿಗಳೂ ಇವೆ. ಆದರೂ ಕುಂಡಗಳನ್ನು ಕಟ್ಟಿಗೆ ರಾಶಿಯಿಂದಲೂ ಹುಳು ಹತ್ತಿದ ದಾಸವಾಳದಿಂದಲೂ ದೂರವಿಡುವುದಕ್ಕೆ ಕಾಸು ಖರ್ಚಿಲ್ಲ. ಇನ್ನು ಇರುವೆ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾವಲು ಕಾಯುತ್ತವೆ, ಶತ್ರುಗಳನ್ನು ಓಡಿಸುತ್ತವೆ. ಕುಂಡದ ಸುತ್ತ ಇರುವೆ ಸಾಲು ಕಂಡಿತೆಂದರೆ ಮೇಲೆಲ್ಲೋ ತಿಗಣೆಯಿರುವ ಸಂಭವ ಹೆಚ್ಚು. ನೀರು ತುಂಬಿದ ಅಗಲ ತಟ್ಟೆಯಲ್ಲಿ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡ ಕೂರಿಸಿದರೆ ಇರುವೆಯ ದಾರಿ ಮುಚ್ಚುತ್ತದೆ. ಕುಂಡದ ತಳ ಮಾತ್ರ ನೀರಿಗೆ ತಾಕಬಾರದು.

ಕಣ್ಣಿಗೆ ಕಾಣುವ ಹುಳುವಿಗಿಂತ ಕಾಣದ್ದು ಕೇಡು. ನೀರು, ಬಿಸಿಲು ಎಲ್ಲ ಸರಿಯಿದ್ದೂ ಗಿಡ ತಿಂಗಳುಗಟ್ಟಲೆ ಬೆಳೆಯದೆ ಸುಕ್ಕಾಗುತ್ತಿದ್ದರೆ ಕುಂಡ ಬಗ್ಗಿಸಿ ಬೇರು ನೋಡಬೇಕು. ಬೇರಿನ ಸುತ್ತ ಬೂದಿ ಎರಚಿದಂತೆ ಬಿಳುಪು ಕಂಡರೆ ಅದು ಬೇರಿನ ತಿಗಣೆ. ಹಳೆಯ ಮಣ್ಣು ಪೂರ್ತಿ ಉದುರಿಸಿ ದೂರ ಚೆಲ್ಲಿ, ಬೇರು ತೊಳೆದು, ಕೆಟ್ಟ ಬೇರು ಕತ್ತರಿಸಿ, ನೆರಳಿನಲ್ಲಿ ಕೆಲವು ದಿನ ಒಣಗಲು ಬಿಟ್ಟು ಹೊಸ ಮಣ್ಣಿಗೆ ಇಡಬೇಕು. ಒಳ್ಳೆಯ ಗಿಡ ಹದಿನೈದು ದಿನ ಬೇರು ಬಯಲಲ್ಲಿದ್ದರೂ ಸಾಯುವುದಿಲ್ಲ. ಕಳ್ಳಿಯ ಗಟ್ಟಿತನ ನಿಜವಾಗಿ ನೆರವಿಗೆ ಬರುವುದು ಇಲ್ಲಿ.

ಇಷ್ಟೆಲ್ಲ ಹೇಳಿಯೂ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯ ಕಳ್ಳಿಗಳನ್ನು ಹೆಚ್ಚಾಗಿ ಕೊಲ್ಲುವುದು ಹುಳುವಲ್ಲ, ನೀರು. ಕೌತಾಳಂ ಕಡೆಯ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಜೋಳಕ್ಕೆ, ಹತ್ತಿಗೆ ಅದು ವರ. ಕುಂಡದ ಕಳ್ಳಿಗೆ ಅದೇ ಸಾವು. ಉಬ್ಬಿದಾಗ ಬೇರಿಗೆ ಗಾಳಿಯಿಲ್ಲ, ಬಿರಿದಾಗ ಬೇರೇ ಹರಿಯುತ್ತದೆ. ಗೋದಾವರಿ ಸೀಮೆಯ ಕಡಿಯಂ ನರ್ಸರಿಗಳಿಂದಲೋ ದೂರದ ಕಾಲಿಂಪಾಂಗ್‌ನಿಂದಲೋ ಕೈಬದಲಾಗುತ್ತ ಬರುವ ಗಿಡಗಳನ್ನು ತಂದ ದಿನವೇ ಹೊಲದ ಎರೆ ತುಂಬಿ ನೆಟ್ಟುಬಿಡುತ್ತಾರೆ. ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಗರಸು, ಇಟ್ಟಿಗೆ ಚೂರು, ಉಳಿದದ್ದು ಕೆಮ್ಮಣ್ಣು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ಇದ್ದರೆ ಸಾಕು. ಕೆಳಗೆ ತೂತು ಇಲ್ಲದ ಪಿಂಗಾಣಿ ಕುಂಡ ಎಷ್ಟು ಚೆಂದವಿದ್ದರೂ ಬೇಡ.

ಆಗಸ್ಟ್, ಸೆಪ್ಟೆಂಬರ್ ಮಳೆಯಲ್ಲಿ ಕೊಳೆರೋಗ ಹೊಂಚು ಹಾಕಿರುತ್ತದೆ. ಈ ಒಣಸೀಮೆಯಲ್ಲಿ ಮಳೆ ಬಾರದೆ ಬಾರದೆ ಒಮ್ಮೆಲೇ ಬರುತ್ತದೆ. ಮಂತ್ರಾಲಯವೇ ಮುಳುಗಿದ 2009ರ ತುಂಗಭದ್ರೆಯ ಪ್ರವಾಹವನ್ನು ಮರೆತವರಿಲ್ಲ. ಬುಡದಲ್ಲಿ ಕಂದು ಬಣ್ಣ ಕಂಡು, ಒತ್ತಿದರೆ ಮೆತ್ತಗಾಗಿ ನೀರೂರಿದರೆ ಕಾಯುವ ಹಾಗಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕೆಳಗಿನಿಂದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಹೋಗಬೇಕು, ಪ್ರತಿ ಕೊಯ್ತಕ್ಕೂ ಅಲಗು ಒರೆಸಬೇಕು. ಕೊಯ್ದ ಮುಖದ ನಡುವಿನ ಉಂಗುರದಲ್ಲಿ ಒಂದೇ ಒಂದು ಕಂದು ಚುಕ್ಕೆ ಉಳಿದರೂ ರೋಗ ಮೇಲೇರುತ್ತದೆ. ಪೂರ್ತಿ ಹಸಿರು ಬಂದ ಮೇಲೆ ಗಾಯಕ್ಕೆ ಗಂಧಕದ ಪುಡಿ ಸವರಿ, ಗಾಯ ಒಣಗಿ ಗಟ್ಟಿಯಾಗುವವರೆಗೆ ನೆರಳಿನಲ್ಲಿಟ್ಟು, ಬಳಿಕ ಒಣ ಮರಳಿನ ಮೇಲೆ ಕೂರಿಸಿದರೆ ಹೊಸ ಬೇರು ಬರುತ್ತದೆ. ಬೇರು ಬರುವ ತನಕ ನೀರು ಹಾಕಬಾರದು. ಹಸಿರು ಕಾಂಡದ ನೆತ್ತಿಗೆ ಕೆಂಪು ಅಥವಾ ಹಳದಿ ಚೆಂಡು ಕಸಿ ಮಾಡಿದ ಗಿಡಗಳಿಗೆ ಈ ಉಪಾಯ ನಡೆಯದು. ಆ ಚೆಂಡಿಗೆ ಸ್ವಂತ ಹಸಿರಿಲ್ಲ, ಕೆಳಗಿನ ಕಾಂಡ ಕೊಳೆತರೆ ಬೇರೊಂದು ಕಾಂಡಕ್ಕೆ ಕಸಿ ಮಾಡದೆ ಅದು ಉಳಿಯುವುದಿಲ್ಲ.

ಬಿಸಿಲಿನ ಗಾಯವನ್ನೂ ಜನ ರೋಗವೆಂದು ಭಾವಿಸುತ್ತಾರೆ. ನರ್ಸರಿಯ ನೆರಳುಬಲೆಯಡಿ ಬೆಳೆದ ಗಿಡವನ್ನು ನೇರ ಮಾಳಿಗೆಗಿಟ್ಟರೆ ಪಡುವಣ ಮಗ್ಗುಲು ಬೆಳ್ಳಗಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೇರೆ ಗಿಡವಾದರೆ ಕೆಟ್ಟ ಎಲೆ ಉದುರಿಸಿ ಹೊಸದು ಬಿಡುತ್ತದೆ. ಕಳ್ಳಿಗೆ ಮೈಯೇ ಎಲೆ. ಒಮ್ಮೆ ಆದ ಕಲೆ ಗಿಡ ಇರುವಷ್ಟು ಕಾಲ ಇರುತ್ತದೆ, ಯಾವ ಮದ್ದೂ ಅಳಿಸದು. ದಿನಕ್ಕೆ ಒಂದೆರಡು ಗಂಟೆಯಂತೆ ಬಿಸಿಲು ರೂಢಿ ಮಾಡಿಸುವುದೊಂದೇ ದಾರಿ. ನೆತ್ತಿಯ ಎಳೆ ಭಾಗದಲ್ಲೇ ತುಕ್ಕಿನ ಬಣ್ಣ ಹಬ್ಬುತ್ತಿದ್ದರೆ, ಸೂಕ್ಷ್ಮವಾದ ಬಲೆ ಕಂಡರೆ ಅದು ಬಿಸಿಲಲ್ಲ, ಜೇಡ ನುಸಿ. ಗಿಡದ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದರೆ ಕೆಂಪು ಚುಕ್ಕೆಗಳು ಓಡಾಡುತ್ತವೆ. ಒಣ ಸೆಕೆಯೇ ನುಸಿಗೆ ಹಬ್ಬ. ಸಂಜೆ ಜೋರಾಗಿ ನೀರು ಹಾಯಿಸಿ ತೊಳೆಯುವುದು, ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸುವುದು ಕೆಲಸ ಮಾಡುತ್ತವೆ. ಸೆಕೆ ವಿಪರೀತವಿದ್ದ ದಿನ ಗಂಧಕವೂ ಮೈ ಸುಡುತ್ತದೆ, ಎಚ್ಚರ. ಮುದಿ ಗಿಡದ ಬುಡ ಕಂದಾಗಿ ತೊಗಟೆಯಂತೆ ಗಟ್ಟಿಯಾಗಿದ್ದರೆ ಚಿಂತೆ ಬೇಡ, ಅದು ವಯಸ್ಸು.

ಅಂಗಡಿಯಲ್ಲಿ ಕಳ್ಳಿ ಎಂದು ಮಾರುವುದೆಲ್ಲ ಒಂದೇ ಕುಲದ್ದಲ್ಲ ಎಂಬುದನ್ನೂ ಗಮನಿಸಬೇಕು. ಚುಚ್ಚಿದರೆ ಬಿಳಿ ಹಾಲು ಸುರಿಸುವವು ನಮ್ಮ ಬೇಲಿಯ ಬೊಂತೆಕಳ್ಳಿಯ ಬಂಧುಗಳು. ಅವುಗಳ ಹುಳು ತೆಗೆಯುವಾಗ, ಕೊಯ್ಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಸಿಡಿದರೆ ಧಾರಾಳ ನೀರಿನಲ್ಲಿ ತೊಳೆದು ತಡಮಾಡದೆ ಡಾಕ್ಟರ ಬಳಿ ಹೋಗಬೇಕು.

ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿಯೇ. ಮನೆಯಂಗಳದಲ್ಲಿ ಕಂಬ ನೆಟ್ಟು ಹಬ್ಬಿಸುವವರು ಹೆಚ್ಚುತ್ತಿದ್ದಾರೆ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ಸೇರಿದ ತುಮಕೂರು ಬಳಿಯ ಹಿರೇಹಳ್ಳಿ ಕೇಂದ್ರದಲ್ಲಿ ಈ ಬೆಳೆಗೆಂದೇ ಉತ್ಕೃಷ್ಟತಾ ಕೇಂದ್ರಕ್ಕೆ 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಬಾಯಿಗೆ ಹೋಗುವ ಹಣ್ಣಿನ ಗಿಡಕ್ಕಂತೂ ಅಂದಾಜಿನ ಎಣ್ಣೆ ಹೊಡೆಯುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ವಿಷದ ಗೊಡವೆಯಿಲ್ಲದೆ ಹಿಟ್ಟುತಿಗಣೆ ಸೋತ ಉದಾಹರಣೆ ದಕ್ಷಿಣ ಭಾರತದಲ್ಲೇ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ತಿಗಣೆ ದಕ್ಷಿಣದ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ರೈತರು ಎಣ್ಣೆಯ ಮೇಲೆ ಎಣ್ಣೆ ಹೊಡೆದು ಸೋತರು. 2010ರಲ್ಲಿ ಪೋರ್ಟೊರಿಕೊದಿಂದ ಸಣ್ಣ ಕಣಜಗಳನ್ನು ತರಿಸಿ ಬೆಂಗಳೂರಿನ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಸಾಕಿ ಬಿಟ್ಟ ಮೇಲೆ ತಿಗಣೆ ತಗ್ಗಿತು. 1898ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಇಂದಿಗೂ ದ್ರಾಕ್ಷಿ, ಕಾಫಿ ತೋಟಗಳಲ್ಲಿ ತಿಗಣೆ ತಿನ್ನುತ್ತಿದೆ. ಅದರ ಮರಿಗೂ ಮೈತುಂಬ ಬಿಳಿ ಅರಳೆ, ನೋಡಲು ತಿಗಣೆಯ ಹಾಗೇ, ಗಾತ್ರ ದೊಡ್ಡದು, ಓಟ ಚುರುಕು. ಅದನ್ನು ಹುಳುವೆಂದು ಹೊಸಕಿ ಹಾಕುವವರು ತಮ್ಮ ಕಾವಲುಗಾರನನ್ನೇ ಕೊಲ್ಲುತ್ತಾರೆ. ಕೀಟನಾಶಕವೂ ಮೊದಲು ಕೊಲ್ಲುವುದು ಇಂಥವನ್ನೇ.

ಮಾಡಬೇಕಾದ್ದು ದೊಡ್ಡದೇನಲ್ಲ. ಹೊಸ ಗಿಡ ತಂದರೆ ಮೂರು ನಾಲ್ಕು ವಾರ ಬೇರೆಯಿಡಬೇಕು. ಕೊಳ್ಳುವಾಗಲೇ ಮುಳ್ಳಿನ ಬುಡ, ಕುಂಡದ ತಳ ನೋಡಬೇಕು. ರೈತ ಸೇವಾ ಕೇಂದ್ರಗಳು ಹತ್ತಿ, ಮೆಣಸಿನಕಾಯಿಯ ಜೊತೆಗೆ ಮನೆಗಿಡದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಅದೂ ಈ ಗಡಿಯ ಕನ್ನಡಿಗರಿಗೆ ಕನ್ನಡದಲ್ಲಿ ಹೇಳಬೇಕು. ಕೀಟನಾಶಕದ ಚೀಟಿ ಆಯಾ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲೂ ಇರಬೇಕೆಂದು ನಿಯಮವೇ ಹೇಳುತ್ತದೆ. ಗೊಬ್ಬರದ ಅಂಗಡಿಯವರಲ್ಲಿ ಒಂದು ವಿನಂತಿ: ಕುಂಡದ ಗಿಡಕ್ಕೆ ಎಂದು ಕೇಳಿ ಬಂದವರಿಗೆ ಬೇವಿನ ಎಣ್ಣೆ, ಗಂಧಕ ಕೊಡಿ. ಹೊಲದ ವಿಷವನ್ನು ನೀರಿನ ಬಾಟಲಿಗೆ ಬಗ್ಗಿಸಿ ಯಾರ ಕೈಗೂ ಕೊಡಬೇಡಿ. ಮನೆಯಲ್ಲಿ ಅಂಥ ಬಾಟಲಿ ಈಗಾಗಲೇ ಇದ್ದರೆ ಅದನ್ನು ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಟ್ಟು, ಇವತ್ತೇ ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಿ.